ಗಾಡಿ ಮುಂದೆ ಹಗಲು, ಆಚೆ ಕಗ್ಗತ್ತಲು: ಎಕ್ಸ್‌ಟ್ರಾ ಲೈಟ್ ಹೇಗೆ ಹಾಕಿಸಲಿ?

ಪ್ರಶ್ನೆ: ಸರ್, ಬೀದಿದೀಪವೇ ಇಲ್ಲದ ಹಳ್ಳಿ ರಸ್ತೆಯಲ್ಲಿ ದಿನಾ ರಾತ್ರಿ ಓಡಾಟ. ಬಂಪರ್ ಮೇಲೆ ಉದ್ದನೆಯ ಎಲ್‌ಇಡಿ ಬಾರ್ ಹಾಕಿಸಿದೆ. ಗಾಡಿ ಮುಂದೆ ಬೆಳ್ಳಂಬೆಳಕು, ಆದರೆ ಆಚೆಯ ತಿರುವು ಮೊದಲಿಗಿಂತ ಮಬ್ಬು. ಇನ್ನೂ ಹೆಚ್ಚು ವಾಟಿನದ್ದು ಹಾಕಿಸಲೇ?

ಉತ್ತರ (ಆಟೋ ಎಲೆಕ್ಟ್ರಿಷಿಯನ್): ಬೇಡವೇ ಬೇಡ. ನಿಮ್ಮದು ಫ್ಲಡ್ (ಬೆಳಕನ್ನು ಅಗಲಕ್ಕೆ ಹರಡುವ ಲೈಟ್) ಇರಬೇಕು, ಬೆಳಕನ್ನೆಲ್ಲ ಬಾನೆಟ್ ಮುಂದೆಯೇ ಚೆಲ್ಲುತ್ತಿದೆ. ಕಾಲಬುಡ ಅಷ್ಟು ಬೆಳ್ಳಗಾದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ದೂರದ್ದು ಕಾಣಿಸುವುದಿಲ್ಲ. ನಿಮಗೆ ಬೇಕಾದದ್ದು ದೂರದ ಬೆಳಕು. 80 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಅಡ್ಡ ನಿಂತ ದನ ಕಂಡು ಕಾಲು ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲೇ 33 ಮೀಟರ್ ಕಳೆಯಿತು. ಒಣ ಟಾರಿನ ಮೇಲೆ ನಿಲ್ಲಲು ಇನ್ನೂ ಸುಮಾರು 35.

ಹಾಗಾಗಿ ಕಿರಿದಾದ ಬೀಮಿನ ಸ್ಪಾಟ್ ಜೋಡಿ ತಗೊಳ್ಳಿ. ಡಬ್ಬದ ಮೇಲಿನ ಲುಮೆನ್ (ಲೈಟ್ ಹೊರಹಾಕುವ ಒಟ್ಟು ಬೆಳಕು) ನೋಡಿ ಮರುಳಾಗಬೇಡಿ, ಇಂತಿಷ್ಟು ದೂರದಲ್ಲಿ ಎಷ್ಟು ಲಕ್ಸ್ (ಆ ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಬೀಳುತ್ತದೆ ಕೇಳಿ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ವಾಟ್ ನಿಜವೋ ಸುಳ್ಳೋ ಆಂಪ್ ಮೀಟರ್ ಹೇಳುತ್ತದೆ: 12 ವೋಲ್ಟಿಗೆ 100 ವಾಟ್ ಅಂದರೆ 8 ಆಂಪ್ ಎಳೆಯಬೇಕು.

ಇನ್ನು ಕೋನ ಹಿಡಿಯುವುದು. ಎಲ್ಲರೂ ಎಡವುವುದು ಇಲ್ಲೇ. ದೂರ ಬೇಕೆಂದು ಮೇಲಕ್ಕೆತ್ತುತ್ತಾರೆ, ಮರದ ಮೇಲಿನ ಹಕ್ಕಿಗೂಡು ಚೆನ್ನಾಗಿ ಕಾಣುತ್ತದೆ! ಸಮತಟ್ಟು ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ. ಟೈರಿಗೆ ಸರಿಯಾದ ಗಾಳಿ, ಗಾಡಿಯಲ್ಲಿ ದಿನನಿತ್ಯದ ಭಾರ ಇರಲಿ. ಹಿಂದೆ ಭಾರ ಕೂತರೆ ಮೂತಿ ಮೇಲೇಳುತ್ತದೆ. ಲೈಟಿನ ನಟ್ಟನಡುವೆ ನೆಲದಿಂದ ಎಷ್ಟು ಎತ್ತರವೋ ಅಷ್ಟೇ ಎತ್ತರಕ್ಕೆ ಗೋಡೆಗೆ ಟೇಪ್ ಅಂಟಿಸಿ. ಒಂದು ಲೈಟಿಗೆ ಕಂಬಳಿ ಮುಚ್ಚಿ, ಇನ್ನೊಂದರ ಗಾಢ ಚುಕ್ಕೆ ಟೇಪಿನಿಂದ ಒಂದೆರಡು ಬೆರಳು ಕೆಳಗೆ, ನೇರ ಮುಂದಕ್ಕೆ ಬೀಳುವಂತೆ ತಿರುಗಿಸಿ.

ಮತ್ತೊಬ್ಬರು: ನನ್ನದು 55 ವಾಟಿನ ಎರಡು ಹ್ಯಾಲೋಜೆನ್. ಸ್ವಿಚ್ ಬಿಸಿಯಾಗಿ ಕರಗಿತು.

ಉತ್ತರ: ಎರಡೂ ಸೇರಿ 9 ಆಂಪ್‌ಗೂ ಹೆಚ್ಚು, ಅದನ್ನು ಸಣ್ಣ ಸ್ವಿಚ್ ಮೇಲೆ ಹೊರಿಸಿದ್ದೀರಿ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಡಬ್ಬಿ) ಹಾಕಿಸಿ: ಅದರ 30 ನಂಬರಿನ ಪಿನ್ನಿಗೆ ಬ್ಯಾಟರಿ, ನಡುವೆ ಬ್ಯಾಟರಿ ಹತ್ತಿರವೇ 15 ಆಂಪ್ ಫ್ಯೂಸ್, 87ರಿಂದ ಲೈಟ್. 85, 86 ಕಾಯಿಲ್‌ಗೆ, ಅಂದರೆ ರಿಲೇಯನ್ನು ಆನ್ ಮಾಡುವ ಒಳಗಿನ ತಂತಿ ಸುರುಳಿಗೆ. ಕಾಯಿಲ್ ಲೈನನ್ನು ಸ್ವಿಚ್ ಮೂಲಕ ಹೈಬೀಮ್ ವೈರಿನಿಂದಲೇ ತಗೊಳ್ಳಿ. ಎದುರಿನವರಿಗೆ ಡಿಮ್ ಮಾಡಿದ ಕೂಡಲೇ ಇವೂ ಆರುತ್ತವೆ, ಬೈಗುಳ ತಪ್ಪುತ್ತದೆ. ಅರ್ಥಿಂಗ್ ಕೊಡುವ ಕಡೆ ಬಣ್ಣ ಕೆರೆದು ಬರಿಯ ತಗಡಿಗೆ ಬಿಗಿ ಮಾಡಿ.

ಇನ್ನೊಬ್ಬರು: ಮಂಜಿಗೆ ಹಳದಿ ಒಳ್ಳೆಯದಾ?

ಉತ್ತರ: ಬಣ್ಣಕ್ಕಿಂತ ಜಾಗ ಮುಖ್ಯ. ಬಂಪರ್ ಕೆಳಗೆ, ಅಗಲ ಬೀಮ್, ಬೆಳಕಿನ ಮೇಲ್ಭಾಗ ಕತ್ತರಿಸಿದಂತಿರಬೇಕು. ಮಂಜಿನಲ್ಲಿ ಸ್ಪಾಟ್ ಹಾಕಿದರೆ ಬಿಳಿ ಗೋಡೆಯೇ ಎದುರು.

ಪ್ರಶ್ನೆ ಕೇಳಿದವರು: ಬಾರ್ ಬಿಚ್ಚಿ ಸ್ಪಾಟ್ ಹಾಕಿಸಿದೆ ಸರ್. ಗೋಡೆಗೆ ಹಿಡಿದು ನೋಡಿದರೆ ಎಡಗಡೆಯದ್ದು ಚರಂಡಿ ನೋಡುತ್ತಿತ್ತು! ಸರಿ ಮಾಡಿದೆ. ತಿರುವಿನ ಮೈಲಿಗಲ್ಲು ಈಗ ಚೆನ್ನಾಗಿ ಕಾಣುತ್ತಿದೆ.

ಉತ್ತರ: ಗುಂಡಿ ರಸ್ತೆಯಲ್ಲಿ ಬೋಲ್ಟ್ ಸಡಿಲಾಗುತ್ತದೆ. ವಾರ ಬಿಟ್ಟು ಮತ್ತೊಮ್ಮೆ ಗೋಡೆಗೆ ಹಿಡಿದು ನೋಡಿ.