ಒಣದ್ರಾಕ್ಷಿ ಪೆಟ್ಟಿಗೆಗೆ ಕ್ಯೂಆರ್ ಸಂಕೇತ ಅಂಟಿಸಿದರೆ ಸಾಕೇ?

ಜತ್ತದ ಬೆಳೆಗಾರ:
ಹಸಿ ದ್ರಾಕ್ಷಿಯನ್ನು ಯುರೋಪಿಗೆ ಕಳಿಸುವವರಿಗೆ ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಅಪೇಡಾ ಸಂಸ್ಥೆಯ ಗ್ರೇಪ್‌ನೆಟ್ ಎಂಬ ಆನ್‌ಲೈನ್ ವ್ಯವಸ್ಥೆ 2006ರಿಂದಲೇ ಇದ್ದು, ತೋಟದ ನೋಂದಣಿಯಿಂದ ಕೀಟನಾಶಕದ ಉಳಿಕೆಯ ಪರೀಕ್ಷೆಯವರೆಗಿನ ವಿವರಗಳು ಅದರಲ್ಲಿ ದಾಖಲಾಗುತ್ತವೆ. ನಾವು ತಾಸಗಾವಿಯ ಹರಾಜಿಗೆ ಒಯ್ಯುವ ಒಣದ್ರಾಕ್ಷಿಯ ಪೆಟ್ಟಿಗೆಗಳಿಗೂ ತೋಟದ ವಿವರ, ಫೋಟೋ ತೋರಿಸುವ ಕ್ಯೂಆರ್ ಸಂಕೇತ ಅಂಟಿಸಬೇಕೆಂದಿದ್ದೇವೆ. ಇದರಿಂದ ಸುರಕ್ಷತೆ ಹೆಚ್ಚೀತೇ?

ಸಾಂಗಲಿಯ ಓದುಗ:
ಸಂಕೇತ ಅಂಟಿಸುವುದು ಸುಲಭ, ಸಾಹೇಬರೇ. ಆದರೆ ಕೊಂಡ ವ್ಯಾಪಾರಿ ಹಲವು ತೋಟಗಳ ಮಾಲನ್ನು ಒಟ್ಟಿಗೆ ತೊಳೆದು, ಬಣ್ಣ ಮತ್ತು ಗಾತ್ರ ನೋಡಿ ಬೇರ್ಪಡಿಸಿ, ಹೊಸ ಪೊಟ್ಟಣಕ್ಕೆ ತುಂಬುವಾಗ ನಿಮ್ಮ ಸಂಕೇತವಿದ್ದ ಪೆಟ್ಟಿಗೆ ರದ್ದಿಗೆ ಹೋಗುತ್ತದೆ. ಯಾವ ಯಾವ ಪೆಟ್ಟಿಗೆ ಸೇರಿ ಯಾವ ಹೊಸ ಬ್ಯಾಚ್ ಆಯಿತೆಂಬುದನ್ನು ಅಲ್ಲಿಯೇ ಬರೆದಿಡದಿದ್ದರೆ ಜಾಡು ಅಲ್ಲಿಗೇ ಮುಗಿಯಿತು. ಒಣದ್ರಾಕ್ಷಿಯ ಬಣ್ಣಕ್ಕಾಗಿ ಶೆಡ್ಡಿನಲ್ಲಿ ಗಂಧಕದ ಹೊಗೆ ಕೊಟ್ಟ ದಿನಾಂಕ ಮತ್ತು ಪ್ರಮಾಣವನ್ನೂ ನಮೂದಿಸಿ. ನನ್ನ ಮಟ್ಟಿಗೆ ತೋಟದ ಫೋಟೋಗಿಂತ ಅದೇ ಮುಖ್ಯ.

ಅಕ್ಕಲಕೋಟೆಯ ವರ್ತಕ:
2017ರ ಆಹಾರ ಹಿಂಪಡೆಯುವಿಕೆ ನಿಯಮಗಳು ಇರುವುದೂ ಇದಕ್ಕಾಗಿಯೇ: ದೋಷ ಕಂಡ ಬ್ಯಾಚ್ ಯಾರಿಗೆ ಹೋಗಿದೆಯೆಂದು ತಿಳಿದರೆ ಅಷ್ಟನ್ನೇ ಹಿಂದಕ್ಕೆ ತರಿಸಬಹುದು, ತಿಳಿಯದಿದ್ದರೆ ಎಲ್ಲರ ಮಾಲಿಗೂ ಸಂಶಯ ತಗಲುತ್ತದೆ. ಅಮೆರಿಕದ ಮಳಿಗೆ ಸಂಸ್ಥೆ ವಾಲ್‌ಮಾರ್ಟ್ ತನ್ನ ಪ್ರಯೋಗದಲ್ಲಿ ಮಾವಿನ ಹೋಳಿನ ಮೂಲವನ್ನು 2.2 ಸೆಕೆಂಡಿನಲ್ಲಿ ಹುಡುಕಿದ್ದು ಬ್ಲಾಕ್‌ಚೈನ್, ಅಂದರೆ ಹಲವರು ಹಂಚಿಕೊಳ್ಳುವ, ಗುಟ್ಟಾಗಿ ತಿದ್ದಲಾಗದ ಡಿಜಿಟಲ್ ದಾಖಲೆ ಬಳಸಿ. ಮೊದಲು ಅದಕ್ಕೆ ಸುಮಾರು 7 ದಿನ ಹಿಡಿಯುತ್ತಿತ್ತು. ನಿಮಗೆ ಅಷ್ಟು ದುಬಾರಿ ಏರ್ಪಾಡು ಬೇಡ, ಎಲ್ಲರೂ ತುಂಬುವ ಒಂದು ಸಾಮಾನ್ಯ ತಖ್ತೆ ಸಾಕು. ಆದರೆ ಸುಳ್ಳು ಬರೆದರೆ ಯಾವ ತಂತ್ರಜ್ಞಾನವೂ ಹಿಡಿಯದು. ಪ್ರಯೋಗಾಲಯದ ಪರೀಕ್ಷೆ ಬೇಕೇ ಬೇಕು.

ಜತ್ತದ ಬೆಳೆಗಾರ:
ಹಾಗಾದರೆ ಮೊದಲು ತೊಳೆದು ಬೇರ್ಪಡಿಸುವ ಘಟಕದವರೊಂದಿಗೆ ಮಾತನಾಡುತ್ತೇವೆ. ಅವರು ಬ್ಯಾಚ್ ದಾಖಲೆಗೆ ಒಪ್ಪಿದ ಮೇಲಷ್ಟೇ ಸಂಕೇತ ಮುದ್ರಿಸಲು ಕೊಡುತ್ತೇವೆ.