ಅಜ್ಜಿಮನೆ ರಜೆ, ಮುರಿದ ಕೈ, 91ನೇ ಕೀರ್ತನೆ: ಮಗನಿಗೆ ಏನಂತ ಹೇಳಲಿ?

ಹೆಂಚಿನಮನೆ ಸೊಸೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನಾವಿರುವುದು ಬೆಂಗಳೂರಿನಲ್ಲಿ, ಗಂಡನ ಊರು ಉಡುಪಿ ಕಡೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು, ಅವರದು ಹಳೇ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಮಿಶನರಿ ಸಂಸ್ಥೆ) ಮನೆತನ. ಬೇಸಿಗೆ ಬಂತೆಂದರೆ ಮಕ್ಕಳಿಗೆ ಅಜ್ಜಿಮನೆಯೇ ಆಗಬೇಕು. ಈ ವರ್ಷ (2025) ಈಸ್ಟರ್ ಏಪ್ರಿಲ್ 20ಕ್ಕೆ ಬಂತಲ್ಲ, ಹಾಗಾಗಿ ರಜೆ, ಶುಭ ಶುಕ್ರವಾರ, ಈಸ್ಟರ್, ವಿಬಿಎಸ್ (ರಜೆಯಲ್ಲಿ ಚರ್ಚಿನವರು ಮಕ್ಕಳಿಗೆ ನಡೆಸುವ ಬೈಬಲ್ ಶಾಲೆ) ಎಲ್ಲ ಒಟ್ಟಿಗೇ ಸಿಕ್ಕಿತು ಅಂತ ನಾವೆಲ್ಲ ಖುಷಿಯಲ್ಲಿ ಹೊರಟೆವು.

ಗುರುವಾರ ಸಂಜೆ ಊರಿನ ಚರ್ಚಿನಲ್ಲಿ ಕರ್ತನ ಭೋಜನದ ಆರಾಧನೆಗೆ ಮುಟ್ಟಬೇಕಿತ್ತು. ಶಿರಾಡಿ ಘಾಟಿಯಲ್ಲಿ ಕಾರಿನ ಕ್ಲಚ್ ಹೋಯಿತು. ಹಿಂದೆ ಗ್ಯಾಸ್ ಟ್ಯಾಂಕರ್ ಸಾಲು, ಮುಂದೆ ಗ್ಯಾಸ್ ಟ್ಯಾಂಕರ್ ಸಾಲು, ಮಧ್ಯೆ ನಾವು. ಅತ್ತೆಗೆಂದು ಕಟ್ಟಿಕೊಂಡಿದ್ದ ಚಕ್ಕುಲಿ ಡಬ್ಬ ಅಲ್ಲೇ ಖಾಲಿ. ಮೆಕ್ಯಾನಿಕ್ ಬರುವ ತನಕ ಮಗಳು ವಿಬಿಎಸ್ ಹಾಡುಗಳನ್ನು ಆಕ್ಷನ್ ಸಮೇತ ಹಾಡಿದಳು, ಲಾರಿ ಡ್ರೈವರುಗಳೆಲ್ಲ ನಿಂತು ನೋಡಿದರು. ಆರಾಧನೆ ತಪ್ಪಿತು, ಆದರೆ ಮಕ್ಕಳನ್ನು ಕೇಳಿದರೆ ಇಡೀ ರಜೆಯಲ್ಲಿ ಅದೇ ಬೆಸ್ಟ್ ದಿನವಂತೆ.

ಈಸ್ಟರ್ ಮಾತ್ರ ನಾವು ಅಂದುಕೊಂಡ ಹಾಗೇ ನಡೆಯಿತು. ಇನ್ನೂ ಕತ್ತಲಿರುವಾಗಲೇ ಸಮಾಧಿ ಭೂಮಿಯಲ್ಲಿ ಮುಂಜಾವಿನ ಆರಾಧನೆ, ಮುತ್ತಜ್ಜನ ಸಮಾಧಿಯ ಮೇಲೆ ಮಕ್ಕಳ ಕೈಯಲ್ಲೇ ಮೇಣದ ಬತ್ತಿ ಹಚ್ಚಿಸಿದ್ದು, ಮನೆಗೆ ಬಂದು ಕೋರಿ ರೊಟ್ಟಿ. ಮಗ (ಒಂಬತ್ತು ವರ್ಷ) ಸಮಾಧಿ ಕಲ್ಲಿನ ಮೇಲಿನ ಹೆಸರುಗಳನ್ನೆಲ್ಲ ಜೋರಾಗಿ ಓದುತ್ತಾ ಹೋದ. ಅರ್ಧ ಜನ ಸಂಬಂಧಿಕರೇ.

ಅದಾಗಿ ಸ್ವಲ್ಪ ದಿನಕ್ಕೆ ಗೇರುಹಣ್ಣು ಕೀಳಲು ಮರ ಹತ್ತಿದ. ಒಣಕೊಂಬೆ ಮುರಿದು ಕೆಳಗೆ ಬಿದ್ದ. ಬಲಗೈ ಮುಂಗೈ ಮೂಳೆ ಮುರಿಯಿತು, ಪ್ಲಾಸ್ಟರ್. ವಿಬಿಎಸ್ ಸಮಾರೋಪದ ನಾಟಕದಲ್ಲಿ ಅವನೇ ದಾವೀದ ಆಗಬೇಕಿತ್ತು, ಕವಣೆ ಬೀಸುವ ಕೈಯೇ ಹೋಯಿತಲ್ಲ. ಟೀಚರ್ ಅವನನ್ನು ದಾವೀದನ ಕವಣೆ ಕಲ್ಲಿಗೆ ಬೀಳುವ ದೈತ್ಯ ಗೊಲ್ಯಾತನನ್ನಾಗಿ ಮಾಡಿದರು. ಕೈಗೆ ಪೆಟ್ಟಾಗಬಾರದು ಅಂತ ಗೊಲ್ಯಾತ ಕಲ್ಲೇಟು ತಿಂದು, ಕುರ್ಚಿ ಹಿಡಿದುಕೊಂಡು ನಿಧಾನಕ್ಕೆ ಮಲಗಿದ. ಸಭಾಪಾಲಕರೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಇಷ್ಟಕ್ಕೆ ಮುಗಿಯಲಿಲ್ಲ. ಈ ಸಲ ಮಳೆ ಮೇ ಕೊನೆಗೇ ಶುರುವಾಯಿತಲ್ಲ, ನಾವು ಹೊರಡುವ ಹೊತ್ತಿಗೆ ಮಾವಿನ ಕೊಂಬೆ ಮಾಡಿನ ಮೇಲೆ ಬಿದ್ದು ಹೆಂಚು ಪುಡಿ, ಚಾವಡಿಯಲ್ಲಿದ್ದ ಮಾವನವರ ಹಾರ್ಮೋನಿಯಂ ಒದ್ದೆ.

ಈಗ ನನ್ನ ಪ್ರಶ್ನೆ. ಅತ್ತೆ ದಿನಾ ಸಂಜೆ ಪ್ರಾರ್ಥನೆಯಲ್ಲಿ ಮಕ್ಕಳಿಂದ ಬೈಬಲಿನ 91ನೇ ಕೀರ್ತನೆ ಹೇಳಿಸುತ್ತಾರೆ. ಕಾಲು ಕಲ್ಲಿಗೆ ತಾಗದ ಹಾಗೆ ದೇವದೂತರು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಅಂತ ಬರುತ್ತದಲ್ಲ, ಅದು ಮಗನಿಗೆ ಬಾಯಿಪಾಠ. ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ಕೇಳಿದ, "ಅಮ್ಮಾ, ನಿನ್ನೆ ರಾತ್ರಿಯೂ ಹೇಳಿದ್ದೆ. ದೂತರು ಯಾಕೆ ಹಿಡಿಯಲಿಲ್ಲ?" ಅತ್ತೆ ಹೇಳಿದ್ದು, ಹೇಳದೆ ಕೇಳದೆ ಮರ ಹತ್ತಿದ್ದಕ್ಕೆ ಅಂತ. ಗಂಡ ಹೇಳಿದ್ದು, ಹಿಡಿದದ್ದಕ್ಕೇ ಕೈ ಮಾತ್ರ ಮುರಿದದ್ದು, ಇಲ್ಲದಿದ್ದರೆ ತಲೆಗೇ ಬೀಳುತ್ತಿತ್ತು ಅಂತ. ಮಗನಿಗೆ ಎರಡೂ ಹಿಡಿಸಲಿಲ್ಲ. ಈಗ ಬೆಂಗಳೂರಿಗೆ ಬಂದ ಮೇಲೆ ರಾತ್ರಿ ಆ ಕೀರ್ತನೆ ಬಂದರೆ ಬಾಯಿ ಮುಚ್ಚಿಕೊಂಡು ಕೂರುತ್ತಾನೆ. ಬೈಯಲು ಮನಸ್ಸಿಲ್ಲ, ಸುಮ್ನೆ ಬಿಡಲೂ ಆಗುತ್ತಿಲ್ಲ. ನಿಮ್ಮ ಮನೆಗಳಲ್ಲಿ ಇಂಥದ್ದು ಬಂದಾಗ ಏನು ಹೇಳಿದ್ದೀರಿ?

ಕುವೈತ್ ನರ್ಸಮ್ಮ:

ಮೊದಲು ಕೈ ವಿಷಯ. ಪ್ಲಾಸ್ಟರ್ ಒಳಗೆ ತುರಿಕೆ ಅಂತ ಸ್ಕೇಲ್, ಪೆನ್ಸಿಲ್ ತೂರಿಸಲು ಬಿಡಬೇಡಿ, ಗಾಯವಾಗಿ ಕೀವಾಗುತ್ತದೆ. ಬೆರಳು ಊದಿಕೊಂಡರೆ, ನೀಲಿಯಾದರೆ, ಜೋಮು ಹಿಡಿದರೆ, ನೋವು ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತಾ ಹೋದರೆ ಬೆಳಿಗ್ಗೆ ನೋಡೋಣ ಅನ್ನಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಈಗ ಬಿಚ್ಚಿದ್ದರೆ ಒಳ್ಳೆಯದೇ, ಆದರೂ ಸ್ವಲ್ಪ ಕಾಲ ಮರ, ಸೈಕಲ್ ಬೇಡ.

ಇದನ್ನು ಓದುವ ಬೇರೆಯವರಿಗೂ ಹೇಳುತ್ತೇನೆ. ಮಕ್ಕಳು ಬಿದ್ದ ಕೂಡಲೇ ಕೈ ಎಳೆದು ತಿರುಗಿಸಿ ಸರಿಮಾಡಲು ಹೋಗಬೇಡಿ. ಇದ್ದ ಹಾಗೇ ಒಂದು ರಟ್ಟಿಗೋ ಮಡಚಿದ ಪೇಪರಿಗೋ ಕಟ್ಟಿ ಕರೆದುಕೊಂಡು ಹೋಗಿ. ನಮ್ಮ ಕಡೆ ಇವತ್ತಿಗೂ ಎಣ್ಣೆ ಹಚ್ಚಿ ಬಿದಿರಿನ ಪಟ್ಟಿ ಬಿಗಿಯಾಗಿ ಕಟ್ಟಿಸಿಕೊಂಡು ಬರುವವರಿದ್ದಾರೆ. ಬಿಗಿ ಜಾಸ್ತಿಯಾಗಿ ರಕ್ತ ಓಡಾಟ ನಿಂತರೆ ಕೈಯೇ ಕೆಟ್ಟು ಹೋಗುತ್ತದೆ. ಇನ್ನು ಗೇರಿನ ವಿಷಯ. ಹಣ್ಣು ತಿನ್ನಲಿ, ಆದರೆ ಹಸಿ ಬೀಜದ ಸಿಪ್ಪೆ ಕಚ್ಚಲು ಬಿಡಬೇಡಿ. ಅದರ ಎಣ್ಣೆ ತುಟಿಗೆ ತಾಗಿದರೆ ಬೊಬ್ಬೆ ಬರುತ್ತದೆ, ಅಲ್ಲಿ ಚರ್ಮವೇ ಸುಟ್ಟ ಹಾಗಾಗುತ್ತದೆ.

ದೂತರ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ನಿಮ್ಮ ಗಂಡ ಹೇಳಿದ ಮಾತನ್ನು ಮಾತ್ರ ಆಸ್ಪತ್ರೆಯಲ್ಲಿ ಯಾರೂ ಹೇಳಬಾರದು ಅನಿಸುತ್ತದೆ. ಪಕ್ಕದ ಮಂಚದಲ್ಲಿ ತಲೆಗೇ ಬಿದ್ದ ಮಗು ಇರುತ್ತದೆ, ಅದರ ತಾಯಿಯೂ ಪ್ರಾರ್ಥನೆ ಮಾಡಿದವಳೇ.

ಸಂಡೇಸ್ಕೂಲ್ ಮೇಷ್ಟ್ರು:

ನರ್ಸಮ್ಮನ ಕೊನೇ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಅತ್ತೆಯವರ ಉತ್ತರವೂ ನಿಲ್ಲುವುದಿಲ್ಲ. ಲೂಕ 13ನೇ ಅಧ್ಯಾಯ ನೋಡಿ. ಸಿಲೋವದಲ್ಲಿ ಗೋಪುರ ಬಿದ್ದು ಹದಿನೆಂಟು ಜನ ಸತ್ತ ವಿಷಯ ಬರುತ್ತದೆ. ಅವರು ಊರಲ್ಲಿದ್ದ ಉಳಿದವರಿಗಿಂತ ಹೆಚ್ಚು ತಪ್ಪು ಮಾಡಿದವರು ಅಂದುಕೊಳ್ಳಬೇಡಿ ಅಂತ ಯೇಸುವೇ ಹೇಳುತ್ತಾನೆ. ಮರ ಹತ್ತುವ ಮುಂಚೆ ದೊಡ್ಡವರನ್ನು ಕೇಳಬೇಕು ಅನ್ನುವುದು ಸರಿ, ಅದನ್ನು ಬೇರೆಯಾಗಿ ಹೇಳಿ. ಕೇಳದಿದ್ದಕ್ಕೆ ದೇವರು ಕೈ ಬಿಟ್ಟ ಅಂತ ಎರಡನ್ನೂ ಜೋಡಿಸಬೇಡಿ.

ನನಗೆ ಖುಷಿಯಾಗಿದ್ದು ಬೇರೆ. ನಿಮ್ಮ ಮಗ ಎತ್ತಿದ್ದು ಬೈಬಲಿನಲ್ಲೇ ಇರುವ ಪ್ರಶ್ನೆ. ಮತ್ತಾಯ 4ರಲ್ಲಿ ಸೈತಾನ ಯೇಸುವನ್ನು ದೇವಾಲಯದ ತುದಿಗೆ ಕರೆದುಕೊಂಡು ಹೋಗಿ, ಕೆಳಗೆ ಧುಮುಕು ಅನ್ನುತ್ತಾನಲ್ಲ, ಆಗ ಅವನು ಹೇಳುವ ವಚನ ಯಾವುದು? ಇದೇ 91ನೇ ಕೀರ್ತನೆ, ಇದೇ ದೂತರು, ಇದೇ ಕಲ್ಲು. ಯೇಸು ಧುಮುಕುವುದಿಲ್ಲ, ದೇವರನ್ನು ಪರೀಕ್ಷೆ ಮಾಡಬಾರದು ಅಂತ ತಿರುಗಿ ಹೇಳುತ್ತಾನೆ. ಅಂದರೆ ಆ ವಚನವನ್ನು ಬೀಳದೇ ಇರುವ ಗ್ಯಾರಂಟಿ ಕಾರ್ಡ್ ಮಾಡಿಕೊಂಡದ್ದು ಸೈತಾನನೇ ಹೊರತು ಯೇಸು ಅಲ್ಲ. ಇನ್ನೊಂದು, ನಾವೆಲ್ಲ ದೂತರ ವಚನದವರೆಗೆ ಜೋರಾಗಿ ಹೇಳಿ, ಅಲ್ಲಿಂದ ಮುಂದೆ ಓಡಿಸಿಬಿಡುತ್ತೇವೆ. 15ನೇ ವಚನ ನಿಧಾನಕ್ಕೆ ಓದಿಸಿ. ಇಕ್ಕಟ್ಟಿನಲ್ಲಿ ಅವನ ಜೊತೆ ಇರುತ್ತೇನೆ ಅಂತ ದೇವರು ಹೇಳುವುದು ಅಲ್ಲಿ. ಇಕ್ಕಟ್ಟೇ ಬರುವುದಿಲ್ಲ ಅಂತಿದ್ದರೆ ಆ ಮಾತಿಗೆ ಕೆಲಸವೇ ಇರುತ್ತಿರಲಿಲ್ಲ, ಅಲ್ವಾ?

ತ್ರೊಫಿಮನ ಕಥೆಯನ್ನೂ ಹೇಳಿ, ಮಕ್ಕಳಿಗೆ ಹಿಡಿಸುತ್ತದೆ. ಎರಡನೇ ತಿಮೊಥೆಯ ಪತ್ರದ ಕೊನೆಯಲ್ಲಿ ಪೌಲ ಬರೆಯುತ್ತಾನೆ, ತ್ರೊಫಿಮನಿಗೆ ಹುಷಾರಿಲ್ಲ, ಮಿಲೇತದಲ್ಲೇ ಬಿಟ್ಟು ಬಂದೆ ಅಂತ. ಅಷ್ಟೇ. ಯಾಕೆ ಗುಣವಾಗಲಿಲ್ಲ ಅನ್ನುವ ವಿವರಣೆ ಇಲ್ಲ, ನಂಬಿಕೆ ಕಡಿಮೆಯಾಯಿತು ಅನ್ನುವ ಬೈಗುಳವೂ ಇಲ್ಲ. ಪೌಲನ ಜೊತೆ ಊರೂರು ತಿರುಗಿದ ಮನುಷ್ಯ ಅವನು.

ಕಾರ್ಕಳದ ಅಣ್ಣ:

ಮೇಷ್ಟ್ರು ಹೇಳಿದ್ದೆಲ್ಲ ಸರಿ, ಆದರೆ ಒಂಬತ್ತು ವರ್ಷದ ಹುಡುಗನಿಗೆ ಇಷ್ಟು ಪ್ರಸಂಗ ಮಾಡಿದರೆ ಪ್ಲಾಸ್ಟರ್ ಬಿಚ್ಚಿಕೊಂಡು ಓಡಿಹೋಗುತ್ತಾನೆ 😄

ನಾವು ಕ್ಯಾಥೊಲಿಕರು, ಕೊಂಕಣಿಯವರು. ಈ ಮೇಯಲ್ಲಿ ತಂಗಿ ಮದುವೆ. ಮದುವೆಗೆ ಮುಂಚಿನ ರೋಸ್ ಶಾಸ್ತ್ರದ ದಿನ ಮದುಮಗಳ ತಲೆಗೆ ತೆಂಗಿನ ಹಾಲು ಹೊಯ್ಯುವಾಗ ಚಪ್ಪರದ ಕರೆಂಟ್ ಹೋಯಿತು, ಕತ್ತಲಲ್ಲಿ ಅರ್ಧ ಹಾಲು ಫೋಟೊಗ್ರಾಫರನ ಕ್ಯಾಮೆರಾಕ್ಕೆ ಹೋಯಿತು. ಅಡುಗೆಯವರು ಸನ್ನಾ (ಇಡ್ಲಿಯಂಥ ತಿಂಡಿ) ಇಳಿಸುವಷ್ಟರಲ್ಲಿ ಮಳೆ ಬಂದು ಎಲ್ಲರೂ ಜಗುಲಿಯಲ್ಲಿ ಒಂದರ ಮೇಲೊಂದು. ಜಪಮಾಲೆ ಹೇಳಿಯೇ ಶುರು ಮಾಡಿದ್ದೆವು. ಬೇಸಿಗೆ ಅಂದರೆ ಹೀಗೇ, ಏನೂ ಆಗದ ರಜೆ ಯಾರಿಗೆ ನೆನಪಿರುತ್ತದೆ ಹೇಳಿ. ಹುಡುಗ ಕೋಪ ಮಾಡಿಕೊಂಡಿದ್ದಾನೆ, ಮಾಡಿಕೊಳ್ಳಲಿ. ನಾಲ್ಕು ದಿನ ಬಿಟ್ಟುಬಿಡಿ.

ಹೇಮಾವತಿ ದಂಡೆ:

ನಾಲ್ಕು ದಿನ ಬಿಟ್ಟರೆ ಹೋಗುವ ಕೋಪ ಇದಲ್ಲ ಅನಿಸುತ್ತದೆ ಅಣ್ಣಾ. ನಮ್ಮ ಮನೆಯಲ್ಲಿ ಇಂಥ ಒಂದು ಪ್ರಶ್ನೆ ಎರಡು ತಲೆಮಾರಿನಿಂದ ಕೂತಿದೆ.

ನಾವು ಹಾಸನ ಕಡೆಯ ಕನ್ನಡ ಕ್ಯಾಥೊಲಿಕರು. ಅಜ್ಜಿಯ ಊರು ಶೆಟ್ಟಿಹಳ್ಳಿ. ಫೋಟೊದಲ್ಲಿ ನೋಡಿರುತ್ತೀರಿ, ನೀರಿನ ಮಧ್ಯೆ ನಿಂತಿರುವ ಮುರುಕು ಚರ್ಚು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರಿಗೆ ಊರೇ ಎದ್ದು ಬೇರೆ ಕಡೆ ಹೋಯಿತು, ಚರ್ಚು ಅಲ್ಲೇ ಉಳಿಯಿತು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ನೀರು ಇಳಿದಾಗ ಒಳಗೇ ನಡೆದು ಹೋಗಬಹುದು. ಹಾಗಾಗಿ ನಮ್ಮ ಬೇಸಿಗೆ ರಜೆ ಅಂದರೆ ಅಜ್ಜಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು. ಪ್ರವಾಸಿಗರು ಮದುವೆ ಫೋಟೊ ತೆಗೆಸಿಕೊಳ್ಳುತ್ತಿರುತ್ತಾರೆ. ಅಜ್ಜಿ ಮಾತ್ರ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದರು. ಮಾಡಿಲ್ಲ, ಬಾಗಿಲಿಲ್ಲ, ಆದರೂ ಹೊರಗೇ ಚಪ್ಪಲಿ.

ಆ ಊರಿನವರು ಪ್ರಾರ್ಥನೆ ಮಾಡಿರಲಿಲ್ಲವಾ? ಅಜ್ಜಿಯೇ ಹೇಳುತ್ತಿದ್ದರು, ನೀರು ಬರಬಾರದು ಅಂತ ಎಷ್ಟು ನವೇನ (ಒಂಬತ್ತು ದಿನದ ಪ್ರಾರ್ಥನೆ) ಮಾಡಿದೆವೋ ಲೆಕ್ಕ ಇಲ್ಲ ಅಂತ. ನೀರು ಬಂತು. ಆ ನೀರಿನಿಂದಲೇ ಕೆಳಗಿನ ಊರುಗಳಲ್ಲಿ ಗದ್ದೆ ಬೆಳೆಯಿತು ಅಂತ ನಮ್ಮಪ್ಪ ಸಮಾಧಾನ ಹೇಳಲು ಹೋದರೆ ಅಜ್ಜಿಗೆ ಸಿಟ್ಟು ಬರುತ್ತಿತ್ತು. ಕಳಕೊಂಡವರ ಮುಂದೆ ಲಾಭದ ಲೆಕ್ಕ ಹೇಳಬಾರದು ನೋಡಿ. ಆದರೆ ಸಾಯುವ ತನಕ ಒಂದು ಭಾನುವಾರವೂ ಚರ್ಚಿನ ಪೂಜೆ ತಪ್ಪಿಸಲಿಲ್ಲ. ಇವೆರಡೂ ಒಂದೇ ಮನುಷ್ಯರಲ್ಲಿ ಹೇಗಿದ್ದವು ಅಂತ ನನಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ, ಆದರೆ ನಾನು ಪೂಜೆಗೆ ಹೋಗುವುದು ಅವರನ್ನು ನೋಡಿಯೇ.

ಅದಕ್ಕೆ ನನ್ನ ಸಲಹೆ, ನೀವು ಉತ್ತರ ಹುಡುಕಬೇಡಿ. ಕೀರ್ತನೆ ಕಲಿಸಿದವರು ಅಜ್ಜಿ. ಪ್ರಶ್ನೆ ಅವರ ಹತ್ತಿರವೇ ಹೋಗಲಿ. ಮೊದಲ ದಿನ ಗಾಬರಿಯಲ್ಲಿ ಏನೋ ಅಂದಿರುತ್ತಾರೆ. ಈಗ ಕೇಳಲಿ.

ಹೆಂಚಿನಮನೆ ಸೊಸೆ:

ಎಲ್ಲರಿಗೂ ಥ್ಯಾಂಕ್ಸ್. ನರ್ಸಮ್ಮ, ಪ್ಲಾಸ್ಟರ್ ಬಿಚ್ಚಿ ಆಯಿತು, ಕೈ ಚೆನ್ನಾಗಿದೆ. ಬಿಚ್ಚಿದ್ದನ್ನು ಮನೆಗೆ ತರಬೇಕು ಅಂತ ಹಟ ಮಾಡಿದ, ಅದರ ಮೇಲೆ ವಿಬಿಎಸ್ ಗೆಳೆಯರೆಲ್ಲ ಹೆಸರು ಬರೆದಿದ್ದರು. ಈಗ ಪುಸ್ತಕದ ಕಪಾಟಿನಲ್ಲಿ ಇಟ್ಟಿದ್ದಾನೆ, ವಾಸನೆ ಹೇಳಲಾಗದು.

ಮೇಷ್ಟ್ರೇ, ಸೈತಾನ ಅದೇ ವಚನ ಹೇಳಿದ್ದು ಅಂದಾಗ ಅವನ ಕಣ್ಣು ಅಗಲವಾಯಿತು. ಬೈಬಲ್ ತೆಗೆದು ಅವನೇ ಹುಡುಕಿ ಓದಿದ. ಆಮೇಲೆ ಕೇಳಿದ, "ಹಾಗಾದರೆ ಸೈತಾನನಿಗೂ ಬಾಯಿಪಾಠ ಇತ್ತಾ?" ಇದಕ್ಕೆ ನೀವೇ ಉತ್ತರ ಕೊಡಿ.

ಹೇಮಾವತಿ ದಂಡೆಯವರು ಹೇಳಿದ ಹಾಗೆ ಅಜ್ಜಿಗೆ ವಿಡಿಯೊ ಕಾಲ್ ಮಾಡಿಸಿದೆ. ನಾನು ಅಡುಗೆಮನೆಯಲ್ಲೇ ಇದ್ದೆ, ಕೇಳಿಸುತ್ತಿತ್ತು. ಇವನು ಅದೇ ಪ್ರಶ್ನೆ ಕೇಳಿದ. ಅತ್ತೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನಂಗೂ ಗೊತ್ತಿಲ್ಲ ಮಗಾ. ನಿನ್ನ ಅಜ್ಜ ಹೋದ ರಾತ್ರಿಯೂ ನಾನು ಅದನ್ನೇ ಹೇಳಿದ್ದೆ" ಅಂದರು. ಮಾವ ತೀರಿಕೊಂಡದ್ದು ಇವನು ಹುಟ್ಟುವ ಮುಂಚೆ, ಈ ಮಾತು ನನಗೂ ಗೊತ್ತಿರಲಿಲ್ಲ, ಗಂಡನಿಗೂ ಗೊತ್ತಿರಲಿಲ್ಲ. ಇವನು ಕೇಳಿದ, "ಮತ್ತೆ ಮಾರನೇ ದಿನ ಹೇಳಿದ್ರಾ?" "ಮಾರನೇ ದಿನ ಇಲ್ಲ. ಆಮೇಲೆ ಹೇಳಿದೆ."

ಈಗ ಕೀರ್ತನೆ ಹೇಳುತ್ತಾನೆ, ದೂತರ ವಚನ ಬಂದಾಗ ಮಾತ್ರ ಬಿಟ್ಟು ಮುಂದಕ್ಕೆ ಹೋಗುತ್ತಾನೆ. ನಾನು ಏನೂ ಅನ್ನಲು ಹೋಗಿಲ್ಲ.

ಸಂಡೇಸ್ಕೂಲ್ ಮೇಷ್ಟ್ರು:

ಬಾಯಿಪಾಠ ಇತ್ತು ಅಂತಲೇ ಹೇಳಿ. ಬಾಯಿಪಾಠ ಸ್ಪರ್ಧೆಗೆ ಬಂದರೆ ಸೈತಾನನಿಗೇ ಫಸ್ಟ್ ಪ್ರೈಜ್ ಬರುತ್ತಿತ್ತು ಅಂತ ನಾನು ನಮ್ಮ ಸಂಡೇಸ್ಕೂಲ್ ಮಕ್ಕಳಿಗೆ ಹೇಳುವುದುಂಟು. ನಿಮ್ಮ ಮಗ ಆ ಒಂದು ವಚನ ಬಿಡುತ್ತಾನೆ ಅಂದರೆ ಉಳಿದದ್ದನ್ನು ಅರ್ಥ ಮಾಡಿಕೊಂಡು ಹೇಳುತ್ತಿದ್ದಾನೆ ಅಂತ ಲೆಕ್ಕ. ಬಿಟ್ಟುಬಿಡಿ.

ಕಾರ್ಕಳದ ಅಣ್ಣ:

ಮುಂದಿನ ವರ್ಷ ಈಸ್ಟರ್ ಏಪ್ರಿಲ್ 5ಕ್ಕೇ ಬರುತ್ತದೆ, ನೋಡಿಕೊಳ್ಳಿ. ರಜೆ ಅಷ್ಟರಲ್ಲಿ ಶುರುವಾಗಿರುವುದು ಡೌಟು. ಈಸ್ಟರಿಗೆ ಒಂದು ಸಲ, ರಜೆಗೆ ಒಂದು ಸಲ ಘಾಟಿ ಇಳಿಯಬೇಕಾಗುತ್ತದೆ. ಕ್ಲಚ್ ಈಗಲೇ ಹೊಸದು ಹಾಕಿಸಿ.

ಅದಿರಲಿ, ಮಾಡಿನ ಹೆಂಚು ಏನಾಯಿತು? ಮಳೆ ಜೋರಿದೆ.

ಹೆಂಚಿನಮನೆ ಸೊಸೆ:

ಸದ್ಯಕ್ಕೆ ಟಾರ್ಪಾಲು ಹೊದೆಸಿದ್ದಾರೆ. ಸಮಸ್ಯೆ ಏನೆಂದರೆ ಹಳೇ ಹೆಂಚು, ಹೊಸ ಹೆಂಚು ಕೂರುತ್ತಿಲ್ಲ, ಸಂದಿ ಬಿಡುತ್ತದೆ. ಹಾರ್ಮೋನಿಯಂ ರಿಪೇರಿಗೆ ಕೊಟ್ಟಿದ್ದೇವೆ, ಕೆಲವು ಸ್ವರ ಎಳೆಯುತ್ತಿವೆ.

ಕಾರ್ಕಳದ ಅಣ್ಣ:

ಕೂರುವುದಿಲ್ಲ, ಅಳತೆಯೂ ತೋಡೂ ಬೇರೆ. ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಒಬ್ಬೊಬ್ಬರದು ಒಂದೊಂದು ಅಚ್ಚು ಬಂತು. ಒಡೆದ ಹೆಂಚಿನ ಹಿಂದೆ ಕಾರ್ಖಾನೆಯ ಹೆಸರು ಇರುತ್ತದೆ, ಒಂದು ಫೋಟೊ ಹಾಕಿ. ಇಲ್ಲಿ ಹಳೇ ಮನೆ ಕೆಡವಿದ ಸಾಮಾನು ಮಾರುವವರು ಗೊತ್ತಿದ್ದಾರೆ, ಅದೇ ಅಚ್ಚಿನದು ಸಿಕ್ಕರೆ ತೆಗೆದಿಡಿಸುತ್ತೇನೆ. ಮತ್ತೆ ಆ ಮಾವಿನ ಮರದ ಉಳಿದ ಕೊಂಬೆ ಮೊದಲು ಕಡಿಸಿ.