ಇ3 2013: ಆ ಚಪ್ಪಾಳೆ ಬಿದ್ದದ್ದು ಡಿಸ್ಕಿಗೋ, ಬೆಲೆಗೋ?

ಕೊಡಚಾದ್ರಿ
ಹಳೇ ಹಾರ್ಡ್ ಡಿಸ್ಕ್ ಕೆದಕುತ್ತಿದ್ದಾಗ 2013ರ ಇ3 ವಿಡಿಯೊಗೇಮ್ ಮೇಳದ ಸೋನಿ ಕಾರ್ಯಕ್ರಮದ ವಿಡಿಯೊ ಸಿಕ್ಕಿತು. ನಿನ್ನೆ ರಾತ್ರಿ ಕೂತು ಪೂರ್ತಿ ನೋಡಿದೆ. ಸೋನಿ ಗೇಮ್ ವಿಭಾಗದ ಅಮೆರಿಕ ಮುಖ್ಯಸ್ಥ ಜ್ಯಾಕ್ ಟ್ರೆಟನ್ ವೇದಿಕೆಗೆ ಬಂದು, ತಮ್ಮ ಹೊಸ ಗೇಮ್ ಯಂತ್ರ ಪಿಎಸ್4ನಲ್ಲಿ (ಪ್ಲೇಸ್ಟೇಷನ್ 4) ಸೆಕೆಂಡ್ ಹ್ಯಾಂಡ್ ಗೇಮ್‌ಗಳಿಗೆ ಯಾವ ಕಡಿವಾಣವೂ ಇಲ್ಲ, ಡಿಸ್ಕ್ ಮಾರಬಹುದು, ಗೆಳೆಯನಿಗೆ ಕೊಡಬಹುದು, ಜೀವಮಾನ ಪೂರ್ತಿ ಇಟ್ಟುಕೊಳ್ಳಬಹುದು ಎಂದಾಗ ಸಭಾಂಗಣದಲ್ಲಿ ಎದ್ದ ಕೂಗಿಗೆ ಇಷ್ಟು ವರ್ಷ ಆದಮೇಲೂ ಮೈ ಜುಮ್ ಎಂದಿತು.

ಆಗ ಚಿಕ್ಕವರಿದ್ದವರಿಗಾಗಿ ಹಿನ್ನೆಲೆ ಹೇಳುತ್ತೇನೆ. ಮೈಕ್ರೋಸಾಫ್ಟ್ ಆ ವರ್ಷ ಮೇ 21ರಂದು ತನ್ನ ಹೊಸ ಗೇಮ್ ಕನ್ಸೋಲ್ ಎಕ್ಸ್‌ಬಾಕ್ಸ್ ಒನ್ ತೋರಿಸಿತ್ತು. ಜೂನ್ 6ರಂದು ಅದರ ನಿಯಮಗಳನ್ನು ಹೊರಹಾಕಿತು. ಕನ್ಸೋಲ್ 24 ಗಂಟೆಗೊಮ್ಮೆ ನೆಟ್‌ಗೆ ಸೇರಲೇಬೇಕು, ಇಲ್ಲದಿದ್ದರೆ ಗೇಮ್ ನಡೆಯುವುದಿಲ್ಲ. ಡಿಸ್ಕ್ ಇನ್ನೊಬ್ಬರಿಗೆ ಕೊಡುವುದಾದರೆ ಅವರು 30 ದಿನದಿಂದ ನಿಮ್ಮ ಫ್ರೆಂಡ್ಸ್ ಪಟ್ಟಿಯಲ್ಲಿರಬೇಕು, ಅದೂ ಒಂದೇ ಒಂದು ಸಲ. ಮರುಮಾರಾಟಕ್ಕೆ ಪ್ರಕಾಶಕರ ಒಪ್ಪಿಗೆ ಬೇಕು. ಜೂನ್ 10ರ ಬೆಳಗ್ಗೆ ಲಾಸ್ ಏಂಜಲೀಸ್‌ನಲ್ಲಿ ಅವರ ಕಾರ್ಯಕ್ರಮ, ಅದೇ ಸಂಜೆ ಸೋನಿಯದು. ನಮಗೆ ಆ ಸಂಜೆ ಅಂದರೆ ಜೂನ್ 11ರ ಬೆಳಗಿನ ಆರೂವರೆ.

ನಾನಾಗ ಸಾಗರದಲ್ಲಿ ಗೆಳೆಯನ ಮನೆಯಲ್ಲಿದ್ದೆ. ಹೊರಗೆ ಜಡಿಮಳೆ, ಒಳಗೆ ಐದು ನಿಮಿಷಕ್ಕೊಮ್ಮೆ ನಿಂತು ನಿಂತು ಓಡುವ ಲೈವ್. ನಾಲ್ಕು ಜನ ದುಡ್ಡು ಸೇರಿಸಿ ಒಂದು ಪಿಎಸ್3 ಡಿಸ್ಕ್ ಕೊಳ್ಳುತ್ತಿದ್ದ ಕಾಲ ಅದು. ವಾರಕ್ಕೊಬ್ಬರ ಮನೆಗೆ ಡಿಸ್ಕ್ ಹೋಗುತ್ತಿತ್ತು. ಆ ಹೊಸ ನಿಯಮ ಜಾರಿಗೆ ಬಂದಿದ್ದರೆ ನಮ್ಮ ನಾಲ್ವರ ಆಟ ಅಲ್ಲಿಗೇ ಮುಗಿಯುತ್ತಿತ್ತು. ಅದಕ್ಕೇ ಹೇಳುತ್ತೇನೆ, ಆ ಚಪ್ಪಾಳೆ ಬಿದ್ದದ್ದು ಡಿಸ್ಕಿಗೆ. ನೀವೇನಂತೀರಿ?

ಹಸಿರು ಬಟನ್
ಅಣ್ಣಾ, ನಿಮ್ಮ ನೆನಪಿನ ಬಗ್ಗೆ ಗೌರವ ಇದೆ. ಆದರೆ ಲೆಕ್ಕ ಬೇರೆ ಹೇಳುತ್ತದೆ. ಎಕ್ಸ್‌ಬಾಕ್ಸ್ ಒನ್ 499 ಡಾಲರ್, ಪಿಎಸ್4 399 ಡಾಲರ್. ಮೈಕ್ರೋಸಾಫ್ಟ್ ಜೂನ್ 19ಕ್ಕೇ, ಅಂದರೆ ಒಂಬತ್ತೇ ದಿನದಲ್ಲಿ, ಡಿಸ್ಕಿನ ಎಲ್ಲ ನಿಯಮಗಳನ್ನೂ ವಾಪಸ್ ತೆಗೆದುಕೊಂಡಿತು. ಜನರ ಸಿಟ್ಟು ಡಿಸ್ಕಿನ ಮೇಲೇ ಇದ್ದಿದ್ದರೆ ಅಂದೇ ಇಳಿಯಬೇಕಿತ್ತಲ್ಲ? ಇಳಿಯಲಿಲ್ಲ. ನವೆಂಬರ್‌ನಲ್ಲಿ ಎರಡೂ ಅಂಗಡಿಗೆ ಬಂದವು, ಆಗ ಡಿಸ್ಕಿನ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ. ಆದರೂ ಪಿಎಸ್4 ಮುಂದೆ ಓಡಿತು. ಕೊನೆಗೆ 2014ರ ಜೂನ್‌ನಲ್ಲಿ ಕಿನೆಕ್ಟ್ ಕ್ಯಾಮೆರಾ ತೆಗೆದು 399ಕ್ಕೆ ಇಳಿಸಬೇಕಾಯಿತು. 100 ಡಾಲರ್ ಮುಂದೆ ತತ್ವ ನಿಲ್ಲುವುದಿಲ್ಲ.

ಬಸವನಗುಡಿ ಗೇಮರ್
ಗುರು, ಜೂನ್ 19ಕ್ಕೆ ನಿಯಮ ವಾಪಸ್ ಬಂತು ಸರಿ, ಹೋದ ನಂಬಿಕೆ ವಾಪಸ್ ಬಂತಾ? ಮೇ 21ರ ಕಾರ್ಯಕ್ರಮ ನೆನಪಿಸ್ಕೋ. ಟಿವಿ, ಕ್ರೀಡೆ, ಮತ್ತೆ ಟಿವಿ. ಗೇಮ್ ಆಡೋರು ಅವತ್ತೇ ಅರ್ಧ ದೂರ ಹೋಗಿದ್ರು. ಅದರ ಮೇಲೆ ಇ3 ವಾರದಲ್ಲೇ ಎಕ್ಸ್‌ಬಾಕ್ಸ್ ಮುಖ್ಯಸ್ಥ ಡಾನ್ ಮ್ಯಾಟ್ರಿಕ್ ಸಂದರ್ಶನ ಬಂತು. ನೆಟ್ ಇಲ್ಲದವರು ಏನ್ ಮಾಡ್ಬೇಕು ಅಂದ್ರೆ, ಅಂಥವರಿಗೆ ನಮ್ಮ ಹತ್ರ ಒಂದು ಯಂತ್ರ ಇದೆ, ಎಕ್ಸ್‌ಬಾಕ್ಸ್ 360 (ಅವರ ಹಳೇ ಕನ್ಸೋಲ್) ಅಂತ, ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟರು. ಏಳೆಂಟು ವರ್ಷ ನಿಮ್ಮ ಕನ್ಸೋಲ್ ಇಟ್ಕೊಂಡು ಆಡಿದವನಿಗೆ ಹಾಗೆ ಹೇಳಿದ್ರೆ ಅವನು ಜೂನ್ 19ಕ್ಕೆ ಕ್ಷಮಿಸ್ತಾನಾ? ನಾನು ಕ್ಷಮಿಸಲಿಲ್ಲ. 360 ಮಾರಿ ಪಿಎಸ್4ಗೆ ಕಾದೆ. ಜುಲೈ 1ಕ್ಕೆ ಮ್ಯಾಟ್ರಿಕ್ ಅವರೇ ಕಂಪನಿ ಬಿಟ್ಟು ಜಿಂಗಾ ಅನ್ನೋ ಗೇಮ್ ಕಂಪನಿ ಸೇರ್ತಾರೆ ಅನ್ನೋ ಸುದ್ದಿ ಬಂತು.

ಧಾರವಾಡ ಪ್ಲೇಯರ್
ನೀವೆಲ್ಲಾ ಡಿಸ್ಕು, ರೊಕ್ಕಾ ಅಂತೀರಿ. ನನಗ ಆವತ್ತ ಚುಚ್ಚಿದ್ದು ಬ್ಯಾರೇನ ಐತಿ. ಎಕ್ಸ್‌ಬಾಕ್ಸ್ ಒನ್ ಮೊದಲಿಗೆ ನಡಿಯೂ ದೇಶಗಳ ಪಟ್ಟಿ ಬಂದಿತ್ತು, 21 ದೇಶ. ಅದ್ರಾಗ ಭಾರತ ಇದ್ದಿಲ್ಲ. ಹೊರಗಿಂದ ತರಿಸಿದ್ರೂ ಆ 24 ತಾಸಿನ ನೆಟ್ ತಪಾಸಣಿ ಪಟ್ಟಿಯೊಳಗಿನ ದೇಶದಾಗನ ಆಗಬೇಕಿತ್ತು. ಅಂದ್ರ ಅಮೆರಿಕಾದಿಂದ ಕಾಕಾ ತಂದುಕೊಟ್ರೂ ಧಾರವಾಡದಾಗ ಅದು ಬರೇ ಕರಿ ಡಬ್ಬಿ.

ನಮ್ಮದು ಬಿಡ್ರಿ, ಪೋಲೆಂಡ್ ಸುದ್ದಾ ಇದ್ದಿಲ್ಲ. ಅದ ಜೂನ್ 10ರ ಮುಂಜಾನೆ ಮೈಕ್ರೋಸಾಫ್ಟ್ ತನ್ನ ವೇದಿಕಿ ಮ್ಯಾಲೆ ವಿಚರ್ 3 ತೋರಿಸಿತು. ಆ ಗೇಮ್ ಮಾಡಿದವ್ರು ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್. ಮಾಡಿದವ್ರ ಊರಾಗನ ಆ ಕನ್ಸೋಲ್ ನಡಿಯೂದಿಲ್ಲ ಅಂದ್ರ ಇದೆಂಥಾ ನ್ಯಾಯ್ರೀ? ಆ ಪಟ್ಟಿ ಓದಿ ನನಗ ಎಷ್ಟ ಸಿಟ್ಟ ಬಂದಿತ್ತಂದ್ರ, ಆವತ್ತಿಡೀ ಯಾರ ಕೂಡಾನೂ ಮಾತಾಡಿದ್ದಿಲ್ಲ.

ಆಮ್ಯಾಲೆ ಏನಾತು ನೋಡ್ರಿ. ಪಿಎಸ್4 ಭಾರತಕ್ಕ 2014ರ ಜನವರಿಯಾಗ ಬಂತು, 39,990 ರೂಪಾಯಿ. ಎಕ್ಸ್‌ಬಾಕ್ಸ್ ಒನ್ ಬಂದದ್ದು ಅದ ವರ್ಷ ಸೆಪ್ಟೆಂಬರ್ 23ಕ್ಕ, ಕಿನೆಕ್ಟ್ ಕೂಡಿ 45,990. ಅವ್ರಿಗೆ 100 ಡಾಲರ್ ಫರಕ, ನಮಗ ಎಂಟ ತಿಂಗಳ ಫರಕ.

ಸ್ಯಾನ್ ಹೋಸೆ ಕನ್ನಡಿಗ
ಒಂದು ಮುಖ್ಯ ಪ್ರಶ್ನೆ ಯಾರೂ ಕೇಳಿಲ್ಲ. ಆ ಹಾಲ್‌ನಲ್ಲಿ ಚಪ್ಪಾಳೆ ಹೊಡೆದವರು ಯಾರು? ಇ3 ಸಾರ್ವಜನಿಕರಿಗೆ ಟಿಕೆಟ್ ಮಾರಲು ಶುರು ಮಾಡಿದ್ದು 2017ರಲ್ಲಿ. 2013ರಲ್ಲಿ ಅದು ವ್ಯಾಪಾರ ಮೇಳ. ಪತ್ರಕರ್ತರು, ಗೇಮ್ ಕಂಪನಿಯವರು, ಅಂಗಡಿ ಸರಪಳಿಗಳ ಖರೀದಿದಾರರು. ಇಲ್ಲಿ ಅಮೆರಿಕದಲ್ಲಿ ಹಳೇ ಡಿಸ್ಕ್ ಕೊಂಡು ಮಾರುವುದು ಆ ಅಂಗಡಿಗಳ ದೊಡ್ಡ ಆದಾಯ. ಸೆಕೆಂಡ್ ಹ್ಯಾಂಡ್ ಉಳಿಯಿತು ಎಂದಾಗ ಅವರಿಗೆ ಖುಷಿಯಾಗುವುದು ಸಹಜ. ಅದನ್ನು ಸಾಗರದ ನಾಲ್ಕು ಹುಡುಗರ ಪರವಾದ ಚಪ್ಪಾಳೆ ಎಂದು ನಾವು ಅರ್ಥ ಮಾಡಿಕೊಂಡೆವು.

ಕೊಡಚಾದ್ರಿ
ಸಾರ್, ಹಾಲ್‌ನಲ್ಲಿ ಯಾರಿದ್ದರು ಅನ್ನುವುದು ನೀವು ಹೇಳಿದ ಹಾಗೇ. ಆದರೆ ಆ ಮಾತು ಟ್ರೆಟನ್ ಬಾಯಿಗೆ ಬಂದದ್ದು ಹೇಗೆ? ಇ3ಗೆ ಮುಂಚೆ, ಮೇ ಕೊನೆಯಲ್ಲಿ, ಆಟಗಾರರೇ ಟ್ವಿಟರ್‌ನಲ್ಲಿ ಒಂದು ಹ್ಯಾಶ್‌ಟ್ಯಾಗ್ ಹಿಡಿದು ಸೋನಿಯ ದೊಡ್ಡವರಿಗೆಲ್ಲ ಸಾವಿರಾರು ಸಂದೇಶ ಕಳಿಸಿದ್ದರು, ಪಿಎಸ್4ಗೆ ಇಂಥ ಬೀಗ ಹಾಕಬೇಡಿ ಎಂದು. ನಾನೂ ಎರಡು ಕಳಿಸಿದ್ದೆ. ಕೂಗಿದವರು ಹಾಲ್‌ನಲ್ಲಿದ್ದವರೇ ಇರಬಹುದು, ಆದರೆ ಕೇಳಿದವರು ನಾವು.

ಆಮೇಲೆ ಸೋನಿಯವರೇ ಆದ ಶುಹೇಯ್ ಯೋಶಿದಾ ಮತ್ತು ಆಡಮ್ ಬಾಯ್ಸ್ ಇದ್ದ ಆ ಪುಟ್ಟ ವಿಡಿಯೊ ನೆನಪಿದೆಯಲ್ಲ? ಪಿಎಸ್4 ಗೇಮ್ ಹಂಚಿಕೊಳ್ಳುವ ವಿಧಾನ ಎಂದು ಹೇಳಿ, ಒಬ್ಬರು ಡಿಸ್ಕನ್ನು ಇನ್ನೊಬ್ಬರ ಕೈಗೆ ಕೊಡುತ್ತಾರೆ. ಅಷ್ಟೇ, ಅರ್ಧ ನಿಮಿಷವೂ ಇಲ್ಲ. ಬೆಲೆಯ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ.

ಕಡಲತೀರ
ಮಾರಾಯ್ರೆ, ನಾನೂ ಪಿಎಸ್4 ತಗೊಂಡವನೇ. ಆದ್ರೆ ಆ ಸಂಜೆಯ ಇನ್ನೊಂದು ಸಂಗತಿ ಯಾಕೆ ಯಾರೂ ಹೇಳುವುದಿಲ್ಲ ಅಂತ ನಂಗೆ ಬೇಸರ ಉಂಟು. ಅದೇ ಕಾರ್ಯಕ್ರಮದಲ್ಲಿ, ಪಿಎಸ್4ನಲ್ಲಿ ಆನ್‌ಲೈನ್ ಮಲ್ಟಿಪ್ಲೇಯರ್ ಆಡ್ಬೇಕಾದ್ರೆ ಪ್ಲೇಸ್ಟೇಷನ್ ಪ್ಲಸ್ ಚಂದಾ ಬೇಕು ಅಂತ ಕೂಡ ಗೊತ್ತಾಯ್ತು. ಪಿಎಸ್3ರಲ್ಲಿ ಅದು ಪುಕ್ಕಟೆ ಇತ್ತು ಅಲ್ವಾ? ಏಳು ವರ್ಷ ಪುಕ್ಕಟೆ ಆಡಿದ್ದನ್ನು ಒಂದೇ ಸಂಜೆಯಲ್ಲಿ ಕಿತ್ಕೊಂಡ್ರು, ನಾವು ಡಿಸ್ಕಿನ ಸಂಭ್ರಮದಲ್ಲಿ ಅದನ್ನು ಕೇಳಿಸಿಕೊಳ್ಳಲೇ ಇಲ್ಲ.

ಹಸಿರು ಬಟನ್ ಅವ್ರೇ, ನಿಮ್ಮ 100 ಡಾಲರ್ ಲೆಕ್ಕಕ್ಕೂ ಒಂದು ತಿದ್ದುಪಡಿ ಉಂಟು. ಎಕ್ಸ್‌ಬಾಕ್ಸ್ ಪೆಟ್ಟಿಗೆಯಲ್ಲಿ ಕ್ಯಾಮೆರಾ ಇತ್ತು, ಪಿಎಸ್4 ಕ್ಯಾಮೆರಾಕ್ಕೆ ಬೇರೆ 59 ಡಾಲರ್. ಕೂಡಿಸಿದ್ರೆ 458. ವ್ಯತ್ಯಾಸ ಉಳಿದದ್ದು 41 ಡಾಲರ್ ಮಾತ್ರ.

ಹಸಿರು ಬಟನ್
ಕ್ಯಾಮೆರಾ ಬೇಕು ಅಂತ ಕೇಳಿದವರು ಎಷ್ಟು ಜನ ಇದ್ದರು? ಬೇಡದ್ದನ್ನು ಒತ್ತಾಯವಾಗಿ ತಲೆಗೆ ಕಟ್ಟಿದ್ದೇ ತಪ್ಪು, ಅದನ್ನು ಎಕ್ಸ್‌ಬಾಕ್ಸ್ ಅಭಿಮಾನಿಯಾಗಿ ನಾನೇ ಒಪ್ಪುತ್ತೇನೆ.

ಪ್ಲಸ್ ಚಂದಾ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಹಾಗೆಯೇ ನಾವು ಕಳೆದುಕೊಂಡ ಇನ್ನೊಂದು ಇದೆ. ಆ ಹಳೇ ನಿಯಮಗಳ ಜೊತೆಯಲ್ಲೇ ಕುಟುಂಬದ ಹತ್ತು ಜನ ಒಂದೇ ಗೇಮ್ ಸಂಗ್ರಹ ಹಂಚಿಕೊಳ್ಳುವ ಯೋಜನೆ ಇತ್ತು. ಜೂನ್ 19ಕ್ಕೆ ಅದೂ ಹೋಯಿತು. ನನ್ನ ತಂಗಿ ಮೈಸೂರಲ್ಲಿ, ನಾನು ಪುಣೆಯಲ್ಲಿ. ಇಬ್ಬರಿಗೂ ಒಂದೇ ಖರೀದಿಯಲ್ಲಿ ಆಗುತ್ತಿತ್ತು. ಡಿಸ್ಕನ್ನು ಪುಣೆಯಿಂದ ಮೈಸೂರಿಗೆ ಕೊರಿಯರ್ ಮಾಡಿ ಆಡಲಿಕ್ಕಾಗುತ್ತದಾ?

ಕೊಡಚಾದ್ರಿ
ಹತ್ತು ಜನರ ಹಂಚಿಕೆ ಒಳ್ಳೆಯದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಡೌನ್‌ಲೋಡ್ ಮಾಡಿ ಕೊಂಡ ಗೇಮ್‌ಗಳಿಗೆ ಅದನ್ನು ಉಳಿಸಿಕೊಂಡು, ಡಿಸ್ಕನ್ನು ಅದರ ಪಾಡಿಗೆ ಬಿಡಬಹುದಿತ್ತಲ್ಲ? ಒಂದು ಬೇಕಾದರೆ ಇನ್ನೊಂದನ್ನು ಬಿಡಿ ಎಂದವರು ನಾವಲ್ಲ.

ಬಸವನಗುಡಿ ಗೇಮರ್
ನನಗೆ ಈಗ ನಿಜವಾಗ್ಲೂ ಹೊಟ್ಟೆ ಉರಿಯೋದು ಬೇರೆ ವಿಷಯಕ್ಕೆ. ಅವತ್ತು ಬೆಳಗ್ಗೆ ಮೈಕ್ರೋಸಾಫ್ಟ್ ವೇದಿಕೆಯಲ್ಲಿ ಆ ನಿಯಮಗಳ ಸುದ್ದೀನೇ ಎತ್ತಲಿಲ್ಲ, ಬರೀ ಗೇಮ್ ತೋರಿಸಿ 499 ಅಂತ ಹೇಳಿ ಹೋದ್ರು. ಆದ್ರೆ ಅದೇ ಸಂಜೆ, ಅದೇ ಊರಲ್ಲಿ, ಅದೇ ಜನರ ಮುಂದೆ ಸೋನಿ ಬಂದು ನಿಲ್ಲಬೇಕಿತ್ತು. ಹಾಗಾಗಿ ಉತ್ತರ ಹೇಳಲೇಬೇಕಾಯ್ತು. ಒಂದೇ ದಿನ ಇಬ್ಬರನ್ನೂ ಎದುರುಬದುರು ನಿಲ್ಲಿಸೋ ಅಂಥ ದಿನ ಈಗ ಎಲ್ಲಿದೆ?

2023ರ ಡಿಸೆಂಬರ್ 12ಕ್ಕೆ ಇ3 ಶಾಶ್ವತವಾಗಿ ಮುಗೀತು ಅಂತ ಘೋಷಿಸಿದ್ರು. ಈಗ ಎಲ್ಲರೂ ತಮ್ಮ ತಮ್ಮ ರೆಕಾರ್ಡ್ ಮಾಡಿದ ವಿಡಿಯೊ ತಮಗೆ ಬೇಕಾದ ದಿನ ಬಿಡ್ತಾರೆ. ಬೆಲೆ ಏರಿಸೋದಾದ್ರೆ ವೆಬ್‌ಸೈಟ್‌ನಲ್ಲಿ ನಾಲ್ಕು ಸಾಲು. 2025ರಲ್ಲಿ ಅಮೆರಿಕದಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 499ರಿಂದ ಮೇ ತಿಂಗಳಲ್ಲಿ 599 ಆಯ್ತು, ಅಕ್ಟೋಬರ್‌ನಲ್ಲಿ 649. ಆಗಸ್ಟ್‌ನಲ್ಲಿ ಪಿಎಸ್5 ಮೇಲೂ 50 ಡಾಲರ್. ಕನ್ಸೋಲ್ ಹಳೇದಾದಷ್ಟೂ ಅಗ್ಗ ಆಗ್ತಿದ್ದ ಕಾಲದಲ್ಲಿ ಬೆಳೆದೋನು ನಾನು. ಸಾವಿರಾರು ಜನರ ಮುಖ ನೋಡ್ಕೊಂಡು ವೇದಿಕೆ ಮೇಲೆ ನಿಂತು ಆ ಮಾತು ಹೇಳೋ ಧೈರ್ಯ ಯಾರಿಗಿತ್ತು?

ಸ್ಯಾನ್ ಹೋಸೆ ಕನ್ನಡಿಗ
ಮೇಳದ ವೇದಿಕೆಯನ್ನು ಅಷ್ಟು ಹೊಗಳಬೇಡಿ. 2005ರ ಇ3ಯಲ್ಲಿ ಕಿಲ್‌ಝೋನ್ ಗೇಮ್‌ನ ಟ್ರೇಲರ್ ತೋರಿಸಿದರು, ಪಿಎಸ್3 ಹೀಗೇ ಕಾಣುತ್ತದೆ ಎಂದು ಎಲ್ಲರೂ ನಂಬಿದೆವು. ಅದು ಮೊದಲೇ ಸಿದ್ಧಪಡಿಸಿದ ಚಿತ್ರಣ. 2012ರಲ್ಲಿ ವಾಚ್ ಡಾಗ್ಸ್ ನೋಡಿ ಬಾಯಿ ಬಿಟ್ಟುಕೊಂಡು ಕೂತಿದ್ದೆವು, 2014ರಲ್ಲಿ ಕೈಗೆ ಬಂದ ಗೇಮ್‌ನಲ್ಲಿ ಆ ಬೆಳಕು, ಆ ಮಳೆ ಇರಲಿಲ್ಲ. ಅದೇ ಜನಜಂಗುಳಿ, ಅದೇ ಚಪ್ಪಾಳೆ. ಜನ ಎದುರಿಗಿದ್ದರು ಎಂದ ಮಾತ್ರಕ್ಕೆ ಕಂಪನಿ ನಿಜ ಹೇಳಲಿಲ್ಲ.

ಡಿಸ್ಕಿನ ಮೋಹವೂ ನನಗೆ ಅರ್ಥವಾಗುವುದಿಲ್ಲ. ಪಿಸಿಯಲ್ಲಿ ಆಡುವ ನಾವು ಡಿಸ್ಕ್ ಬಿಟ್ಟು ಎಷ್ಟೋ ವರ್ಷವಾಯಿತು. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯ ಸೇಲ್‌ನಲ್ಲಿ ಕಾಲು ಬೆಲೆಗೆ ಕೊಳ್ಳುತ್ತೇವೆ. ಯಾರೂ ಅಳುತ್ತಿಲ್ಲ.

ಧಾರವಾಡ ಪ್ಲೇಯರ್
ಸರ, ನಿಮ್ಮ ಪಗಾರದಾಗ ಕಾಲು ಬೆಲಿ ಬ್ಯಾರೆ, ನಮ್ಮ ಪಗಾರದಾಗ ಬ್ಯಾರೆ. ಇಲ್ಲಿ ಪಿಎಸ್5 ಹೊಸಾ ಗೇಮ್ ಡಿಸ್ಕ್ 4,999 ರೂಪಾಯಿ. ತಿಂಗಳೊಳಗ ಮುಗಿಸಿ 3,500ಕ್ಕ ಮಾರ್ತೇನಿ. ಅಂದ್ರ ನನಗ ಬಿದ್ದದ್ದು 1,500. ಅದ ರೊಕ್ಕದಾಗ ಮುಂದಿನ ಗೇಮ್. ಸೇಲ್ ಬರೂತನಕ ಎರಡ ವರ್ಷ ಕಾಯೂದಿಲ್ಲ, ಬಿಡುಗಡಿ ಆದ ವಾರನ ಆಡ್ತೇನಿ. ಡೌನ್‌ಲೋಡ್ ತಗೊಂಡ್ರ ಆ 4,999 ಹೋದದ್ದ ಹೋತು, ಪಿಸಿಯಾಗಿನ ಸಂಗ್ರಹನೂ ನೀವು ಯಾರಿಗೂ ಮಾರಾಕ ಬರೂದಿಲ್ಲ. ಇದು ಮೋಹ ಅಲ್ರಿ, ತಿಂಗಳ ಲೆಕ್ಕ.

ಕಡಲತೀರ
ಅದೇ ಲೆಕ್ಕವನ್ನು ಮೆಲ್ಲ ಮೆಲ್ಲ ಅಳಿಸ್ತಾ ಇದ್ದಾರೆ. 2020ರಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಮತ್ತು ಪಿಎಸ್5 ಡಿಜಿಟಲ್ ಡಿಸ್ಕ್ ಡ್ರೈವ್ ಇಲ್ಲದೇ ಬಂದವು. 2024ರ ಪಿಎಸ್5 ಪ್ರೊ 699 ಡಾಲರ್, ಅದಕ್ಕೂ ಡ್ರೈವ್ ಇಲ್ಲ, ಬೇಕಾದ್ರೆ ಬೇರೆ ತಗೊಳ್ಳಿ. 2013ರಲ್ಲಿ ಅಷ್ಟು ದೊಡ್ಡ ಮಾತು ಕೊಟ್ಟ ಕಂಪನಿಯೇ ಇದನ್ನು ಮಾಡಿದ್ದು ನಂಗೆ ಜೀರ್ಣವಾಗುವುದಿಲ್ಲ. ನಿಂಟೆಂಡೊ ಸ್ವಿಚ್ 2ಕ್ಕೆ ಬಂದ ಗೇಮ್-ಕೀ ಕಾರ್ಡ್‌ನೊಳಗೆ ಗೇಮೇ ಇಲ್ಲ, ಬರೀ ಬೀಗದ ಕೈ. ಗೇಮನ್ನು ಡೌನ್‌ಲೋಡ್ ಮಾಡ್ಕೊಳ್ಬೇಕು. ಆದ್ರೂ ಒಂದು ಸಮಾಧಾನ ಉಂಟು, ಆ ಕಾರ್ಡ್ ಇನ್ನೊಬ್ರಿಗೆ ಕೊಟ್ರೆ ಅವ್ರೂ ಆಡಬಹುದು.

ಕೊಡಚಾದ್ರಿ
ಆ ಕಾರ್ಡ್‌ನ ಬಗ್ಗೆ ನನಗೆ ಇರುವ ಭಯ ಹೇಳುತ್ತೇನೆ. ಡೌನ್‌ಲೋಡ್ ಸರ್ವರ್ ನಿಂತ ದಿನ ಆ ಬೀಗದ ಕೈಗೆ ಬಾಗಿಲೇ ಇರುವುದಿಲ್ಲ. ನನ್ನ ಪಿಎಸ್3 ಡಿಸ್ಕ್‌ಗಳು ಇವತ್ತಿಗೂ ಓಡುತ್ತವೆ. ನಾವು ನಾಲ್ವರು ಈಗ ನಾಲ್ಕು ಊರಲ್ಲಿದ್ದೇವೆ, ದೀಪಾವಳಿಗೆ ಸಾಗರದಲ್ಲಿ ಸೇರಿದಾಗ ಅದೇ ಡಿಸ್ಕ್ ಹಾಕುತ್ತೇವೆ. ಕಳೆದ ಸಲ ನನ್ನ ಗೆಳೆಯನ ಮಗ, ಆರು ವರ್ಷದವನು, ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದು ಇದರೊಳಗೆ ಆಟ ಎಲ್ಲಿದೆ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದ.

ಹಸಿರು ಬಟನ್
ಧಾರವಾಡದವರ 1,500 ರೂಪಾಯಿ ಲೆಕ್ಕ ಓದಿದ ಮೇಲೆ ನನ್ನ ಮೊದಲಿನ ಮಾತನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ನಾನು ಡಿಸ್ಕ್ ಬೇರೆ, ಬೆಲೆ ಬೇರೆ ಎಂದು ಇಟ್ಟುಕೊಂಡು ವಾದಿಸುತ್ತಿದ್ದೆ. ಮಾರಬಹುದಾದ ಡಿಸ್ಕ್ ಅಂದರೆ ಅದೂ ಬೆಲೆಯೇ. ಆದರೂ ಜೂನ್ 19ರ ನಂತರವೂ ಜನ ಯಾಕೆ ವಾಪಸ್ ಬರಲಿಲ್ಲ ಅನ್ನುವುದಕ್ಕೆ ಬಸವನಗುಡಿಯವರ ನಂಬಿಕೆಯ ಮಾತೊಂದೇ ಸಾಕು ಎಂದು ನನಗೆ ಅನ್ನಿಸುವುದಿಲ್ಲ. ಆ ನವೆಂಬರ್‌ನಲ್ಲಿ ಎರಡನ್ನೂ ಅಂಗಡಿಯಲ್ಲಿ ಪಕ್ಕಪಕ್ಕ ಇಟ್ಟು ನೋಡಿ ಕೊಂಡವರು ಇಲ್ಲಿ ಯಾರಾದರೂ ಇದ್ದರೆ ಬರೆಯಿರಿ, ಅವರ ಕಾರಣ ಏನಿತ್ತು ಎಂದು ತಿಳಿಯಬೇಕಿದೆ.

ಧಾರವಾಡ ಪ್ಲೇಯರ್
ನವೆಂಬರ್ 2013ರಾಗ ನಮ್ಮ ಕಡೆ ಅಂಗಡ್ಯಾಗ ಎರಡೂ ಇದ್ದಿಲ್ರೀ. ಅದನ್ನ ಸ್ಯಾನ್ ಹೋಸೆಯವ್ರನ್ನ ಕೇಳ್ರಿ.